ಬಿಗಿಯುವವನ ಧರ್ಮ

ಜಡವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಧರ್ಮವೆಂಬುದೊಂದು ಉಂಟೆ? ಪ್ರಾಣಿಗಳಲ್ಲಿ ದಯೆ, ಹಿರಿಯರಲ್ಲಿ ವಿನಯ, ಕೊಟ್ಟ ಮಾತಿನಲ್ಲಿ ನಿಷ್ಠೆ, ಇವುಗಳನ್ನು ಯಾರೂ ಅಲ್ಲಗಳೆಯರು. ಆದರೆ ಒಂದು ತಿರುಪುಮೊಳೆಯ ಮುಂದೆ ಕುಳಿತವನಿಗೆ ಯಾವ ಧರ್ಮ, ಯಾವ ಅಧರ್ಮ ಎಂದು ವಾಚಕರು ನಗಬಹುದು. ನಗುವ ಮುನ್ನ, ಗಣಕಯಂತ್ರವನ್ನು ಬಿಚ್ಚಿ ರಿಪೇರಿ ಮಾಡುವವನ ಕೈಯನ್ನು ತುಸು ಗಮನಿಸಬೇಕೆಂದು ಬೇಡುತ್ತೇನೆ.

ಇಂದು ಎಷ್ಟೋ ಮನೆಗಳಲ್ಲಿರುವ ಲ್ಯಾಪ್‌ಟಾಪ್ ಎಂಬ ಯಂತ್ರದ ತಳವನ್ನು ಸುಮಾರು ಎರಡು ಮಿಲಿಮೀಟರ್ ದಪ್ಪದ ಎಂಟೋ ಹತ್ತೋ ತಿರುಪುಗಳು ಹಿಡಿದಿರುತ್ತವೆ. ಬ್ಯಾಟರಿ ಉಬ್ಬಿಕೊಂಡಾಗ, ಹಳೆಯ ಡಿಸ್ಕನ್ನು ತೆಗೆದು ಹೊಸದನ್ನು ಕೂಡಿಸಬೇಕಾದಾಗ, ಇವನ್ನೆಲ್ಲ ಬಿಚ್ಚತಕ್ಕದ್ದು. ಏಳು ಸುಲಭವಾಗಿ ಬರುತ್ತವೆ, ಎಂಟನೆಯದು ಬಾರದು. ಅದೊಂದು ಬಾರದಿದ್ದರೆ ಉಳಿದ ಏಳು ಬಂದೂ ಫಲವಿಲ್ಲ. ಮಗಳ ಓದು, ತೀರಿಕೊಂಡ ತಾಯಿಯ ಚಿತ್ರಗಳು, ಹೊಸ ಯಂತ್ರವನ್ನು ಕೊಳ್ಳಲಾರದ ಗೃಹಸ್ಥನ ಜೀವನೋಪಾಯ, ಇವೆಲ್ಲ ಆಗ ಸಾಸಿವೆಯಷ್ಟು ಲೋಹವನ್ನು ನೆಚ್ಚಿಕೊಂಡಿರುತ್ತವೆ.

ತಿರುಪು ಕೆಡುವ ಬಗೆ ಹೇಗೆ? ಅದರ ತಲೆಯಲ್ಲಿ ಕೂಡುವ ಚಿಹ್ನೆಯಂಥ ಒಂದು ಕುಳಿಯಿರುತ್ತದೆ. ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರು 1936ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೋಟಾರು ಕಾರ್ಖಾನೆಗಳು ಕೈಹಿಡಿದದ್ದರಿಂದ ಅದು ಲೋಕದಲ್ಲೆಲ್ಲ ಹರಡಿತು. ಕುಳಿಯ ಗೋಡೆಗಳು ಇಳಿಜಾರಾಗಿರುವುದರಿಂದ ತಿರುಪುಳಿಯ ಮೊನೆ ತಾನಾಗಿ ನಡುವಿಗೆ ಬಂದು ಕೂಡುತ್ತದೆ. ಆದರೆ ಮೇಲಿನ ಒತ್ತಡ ಕಡಮೆಯಾಗಿ ತಿರುಗಿಸುವ ಬಲ ಹೆಚ್ಚಿದಾಗ, ಅದೇ ಇಳಿಜಾರಿನಿಂದ ಮೊನೆ ಮೇಲಕ್ಕೆ ಜಾರಿ, ಕುಳಿಯ ಅಂಚನ್ನು ಕೆರೆದುಕೊಂಡು ಹೊರಬರುತ್ತದೆ. ಸೊನ್ನೆಯ ನಂಬರಿನ ಮೊನೆ ಬೇಕಾದಲ್ಲಿ ಎರಡು ಸೊನ್ನೆಯ ಸಣ್ಣ ಮೊನೆಯನ್ನಿಟ್ಟರೆ ಈ ಕೇಡು ಇನ್ನೂ ಬೇಗ. ಮೊದಲ ಸಲ ಜಾರಿದ್ದು ಒಂದು ಸೂಚನೆ. ಅಲ್ಲಿಗೆ ಕೈ ತಡೆದವನಿಗೆ ಉಪಾಯಗಳು ಹಲವು ಉಳಿದಿರುತ್ತವೆ. ಸಿಟ್ಟಿನಿಂದ ಮತ್ತೆ ಮತ್ತೆ ತಿರುಗಿಸಿದವನಾದರೋ, ಹಿಡಿಯಲಿದ್ದ ಒಂದೇ ಆಧಾರವನ್ನು ತಾನೇ ಅಳಿಸಿಬಿಡುತ್ತಾನೆ.

ನಮ್ಮ ನೀತಿಶಾಸ್ತ್ರವು ಸಾಮ, ದಾನ, ಭೇದ, ದಂಡಗಳೆಂದು ನಾಲ್ಕು ಉಪಾಯಗಳನ್ನು ಹೇಳಿದೆ. ಬಲ್ಲ ಕೆಲಸಗಾರನ ಕ್ರಮವೂ ಇದೇ. ಅವನು ಮೊದಲು ಬ್ಯಾಟರಿಯ ಸಂಪರ್ಕವನ್ನು ಸಾಧ್ಯವಿದ್ದಲ್ಲಿ ಬಿಡಿಸಿ, ಅಳತೆಗೆ ಸರಿಯಾದ ಮೊನೆಯನ್ನು ನೆಟ್ಟಗೆ ಒತ್ತಿ, ನಿಧಾನವಾಗಿ ತಿರುಗಿಸುತ್ತಾನೆ. ಇದು ಸಾಮ. ಕುಳಿ ಸವೆದಿದ್ದರೆ ಅಗಲವಾದ ರಬ್ಬರ್ ಪಟ್ಟಿಯ ತುಣುಕನ್ನು ನಡುವೆ ಇಟ್ಟು ಒತ್ತಿ ತಿರುಗಿಸುತ್ತಾನೆ. ಕಳೆದುಹೋದದ್ದನ್ನು ತುಂಬಿಕೊಡುವ ಇದನ್ನು ದಾನವೆನ್ನಬಹುದು. ಅಲುಗಾಟದಿಂದ ಸಡಿಲವಾಗದಿರಲೆಂದು ಕೆಲವು ತಿರುಪುಗಳ ಸುತ್ತುಗಳಿಗೆ ಕಾರ್ಖಾನೆಯಲ್ಲಿ ಅಂಟು ಹಚ್ಚಿರುತ್ತಾರೆ. ಹತ್ತಿರದಲ್ಲಿ ಬ್ಯಾಟರಿಯಾಗಲಿ ಪ್ಲಾಸ್ಟಿಕ್ಕಾಗಲಿ ಇಲ್ಲದ ಕಡೆ, ಸಾಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ತಲೆಗೆ ಕೆಲವು ಕ್ಷಣ ತಾಗಿಸಿದರೆ ಆ ಅಂಟು ಮೆದುವಾಗಿ ಹಿಡಿತವನ್ನು ಬಿಡುತ್ತದೆ. ಇದು ಭೇದ. ಕಡೆಯದು ದಂಡ: ತಲೆಯಲ್ಲಿ ಗೀರು ಕೊರೆಯುವುದು, ಬೈರಿಗೆಯಿಟ್ಟು ತಲೆಯನ್ನೇ ತೆಗೆಯುವುದು. ಇದರಲ್ಲಿ ಉದುರಿದ ಲೋಹದ ಪುಡಿ ಒಳಗಿನ ಫಲಕದ ಮೇಲೆ ಕುಳಿತರೆ ವಿದ್ಯುತ್ತು ಅಡ್ಡದಾರಿ ಹಿಡಿದು ಯಂತ್ರವೇ ಕೆಟ್ಟೀತು. ಬೈರಿಗೆಯ ಮೊನೆ ಬ್ಯಾಟರಿಗೆ ತಗುಲಿದರೆ ಬೆಂಕಿಯೇ ಏಳಬಹುದು.

ದಂಡವನ್ನು ಕಡೆಗೆ ಇಟ್ಟದ್ದು ಕೇವಲ ಮೃದುತ್ವದಿಂದಲ್ಲ. ಸಾಮ ವಿಫಲವಾದರೆ ದಾನ ಉಳಿದಿರುತ್ತದೆ, ದಾನ ವಿಫಲವಾದರೆ ಭೇದ ಉಳಿದಿರುತ್ತದೆ. ದಂಡ ವಿಫಲವಾದ ಮೇಲೆ ಏನೂ ಉಳಿಯದು. ಹಟದ ಹುಡುಗನ ಮೇಲೆ ಮೊದಲ ದಿನವೇ ಬೆತ್ತವೆತ್ತಿದ ಉಪಾಧ್ಯಾಯನಿಗೆ ಎರಡನೆಯ ದಿನಕ್ಕೆ ಯಾವ ಮಾತು ಉಳಿದಿರುತ್ತದೆ? ಹಿಂದಿರುಗಲಾಗದ ಹೆಜ್ಜೆಯನ್ನು ಕಡೆಯಲ್ಲಿಯೇ ಇಡತಕ್ಕದ್ದೆಂಬ ವಿವೇಕ ಈ ಕ್ರಮದಲ್ಲಿ ಅಡಗಿದೆ.

ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಪೇಟೆಯಲ್ಲಿ, ಸಂಜೆಯೊಳಗೆ ಹತ್ತು ಯಂತ್ರ ಮುಗಿಸಬೇಕಾದವನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕೆಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಅಷ್ಟೇ ಅಲ್ಲ, ತಪ್ಪು ಬಹಳ ಸಲ ಅವನದಲ್ಲ. ಹಿಂದೆ ಯಾರೋ ಹೊಂದದ ಮೊನೆಯಿಂದ, ಬೇಕಾದ್ದಕ್ಕಿಂತ ಇಮ್ಮಡಿ ಬಲದಿಂದ ಬಿಗಿದಿರುತ್ತಾನೆ. ಬಿಗಿಯುವ ಸುಖ ಅವನದು, ಬಿಚ್ಚುವ ಕಷ್ಟ ಇವನದು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಕಾರ್ಖಾನೆಯವರಲ್ಲಿಯೂ ಎರಡು ಬಗೆಯ ಬಿಗಿತವನ್ನು ಕಾಣಬಹುದು. ಸಡಿಲವಾಗದಿರಲೆಂದು ಹಚ್ಚಿದ ಅಂಟು ಯಂತ್ರದ ಹಿತಕ್ಕಾಗಿ. ಆದರೆ 2009ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ ಪ್ರೊ ಯಂತ್ರವೊಂದರ ಬ್ಯಾಟರಿಯನ್ನು ಐದು ಎಸಳಿನ ಕುಳಿಯುಳ್ಳ ತಿರುಪುಗಳಿಂದ ಬಿಗಿದಾಗ, ಅದಕ್ಕೊಪ್ಪುವ ತಿರುಪುಳಿ ಸಾಮಾನ್ಯ ಅಂಗಡಿಗಳಲ್ಲಿ ದೊರೆಯುತ್ತಿರಲಿಲ್ಲ. ಆ ಬಿಗಿತದಿಂದ ಯಂತ್ರಕ್ಕೆ ಆದ ಹಿತವೇನು? ಕೊಂಡವನನ್ನೇ ಅದು ಹೊರಗೆ ನಿಲ್ಲಿಸಿತು. ಈಗ ಅಂಥ ತಿರುಪುಳಿ ಅಗ್ಗವಾಗಿ ಸಿಗುತ್ತದೆಂಬುದು ಬೇರೆ ಮಾತು.

ನಮ್ಮ ಹಿರಿಯರು ತಾಳೆಗರಿಯ ಗ್ರಂಥಗಳನ್ನು ಎರಡು ಹಲಗೆಗಳ ನಡುವೆ ಇಟ್ಟು ದಾರದಿಂದ ಸುತ್ತುತ್ತಿದ್ದರು. ಸಡಿಲವಾದರೆ ಗರಿಗಳು ಅಲುಗಿ ಮುರಿಯುತ್ತವೆ. ಅತಿಯಾಗಿ ಬಿಗಿದರೆ ದಾರ ಗರಿಯನ್ನು ಕೊಯ್ಯುತ್ತದೆ. ಮುಂದೆ ಓದುವವನು ಯಾರೆಂದು ತಿಳಿಯದಿದ್ದರೂ, ಅವನು ಬಿಚ್ಚುವನೆಂಬ ಎಣಿಕೆಯಿಂದಲೇ ಕಟ್ಟಬೇಕಾಗಿತ್ತು. ಬಿಗಿಯುವವನ ಧರ್ಮ ಇಷ್ಟೆ. ನಿಲ್ಲುವಷ್ಟು ಬಿಗಿಯಬೇಕು, ಅದಕ್ಕೆ ಮೀರಬಾರದು. ಒಂದು ರಂಧ್ರದ ಉದ್ದ ತಿರುಪನ್ನು ಇನ್ನೊಂದು ರಂಧ್ರಕ್ಕೆ ತುರುಕಬಾರದು. ತಲೆ ಸವೆದದ್ದನ್ನು ಹೇಗೋ ತೆಗೆದ ಮೇಲೆ, ಅದನ್ನೇ ಮತ್ತೆ ಕೂಡಿಸದೆ ಹೊಸದನ್ನು ಹಾಕಬೇಕು.

2022ರಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಅದು ಒಳ್ಳೆಯದೇ. ಆದರೆ ಮಣಿಕಟ್ಟಿನ ಕಡೆಯ ಕಾಲು ಸುತ್ತನ್ನು ಯಾವ ಕಾನೂನೂ ಕಾಯಲಾರದು. ಅಲ್ಲಿ ಬಿಗಿಯುವವನೊಬ್ಬನೇ ಸಾಕ್ಷಿ. ತಿರುಪಿಗೆ ನಾವು ಸಲ್ಲಿಸಬೇಕಾದ್ದು ಏನೂ ಇಲ್ಲವೆಂಬ ಮಾತು ದಿಟವೇ. ಆದರೆ ಅದನ್ನು ನಾಳೆ ಬಿಚ್ಚುವವನು ನಮ್ಮಂತೆಯೇ ಮನುಷ್ಯನಲ್ಲವೆ?