ಕಡಲಿನ ಸ್ಪಂಜು ಯಾರಿಗಾಗಿ?



ನಾವು ಪಾತ್ರೆ ತೊಳೆಯುವ ಸ್ಪಂಜಿಗೆ ಆ ಹೆಸರು ಬಂದದ್ದು ಕಡಲ ತಳದ ಒಂದು ಪ್ರಾಣಿಯಿಂದ. ಅದಕ್ಕೆ ಬೆನ್ನೆಲುಬಿಲ್ಲ, ಕಣ್ಣಿಲ್ಲ, ಓಡಿಹೋಗಲು ಕಾಲಿಲ್ಲ. ತಿನ್ನಲು ಬಂದವರಿಂದ ಪಾರಾಗಲು ಅನೇಕ ಸ್ಪಂಜುಗಳಿಗಿರುವ ಆಸರೆ ಮೈಯೊಳಗಿನ ವಿಷ. 1986ರಲ್ಲಿ ಜಪಾನಿನ ಹಿರಾತ ಮತ್ತು ಉಯೆಮುರ ಎಂಬ ವಿಜ್ಞಾನಿಗಳು ಅಲ್ಲಿನ ಒಂದು ಸ್ಪಂಜಿನಲ್ಲಿ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತುವನ್ನು ಕಂಡರು. ಜೀವಕೋಶ ಎರಡಾಗಿ ಒಡೆಯದಂತೆ ಅದು ತಡೆಯುತ್ತದೆ. ಕ್ಯಾನ್ಸರ್ ಎಂದರೆ ಕೋಶಗಳು ಲಂಗುಲಗಾಮಿಲ್ಲದೆ ಒಡೆಯುವುದೇ ತಾನೆ?

"ನೋಡಿ ಫಾದರ್, ದೇವರು ನಮಗಾಗಿ ಸಮುದ್ರದಲ್ಲೂ ಮದ್ದು ಇಟ್ಟಿದ್ದಾರೆ" ಎಂದು ನೀವು ಹೇಳಬಹುದು. ಹೇಳಿ, ತಪ್ಪಲ್ಲ. ಆದರೆ 'ನಮಗಾಗಿ' ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲೋಣ.

1990ರ ದಶಕದಲ್ಲಿ ನ್ಯೂಜಿಲೆಂಡಿನ ಕಡಲಿನಿಂದ ಇದೇ ವಸ್ತುವಿರುವ ಮತ್ತೊಂದು ಜಾತಿಯ ಸ್ಪಂಜನ್ನು ಒಂದು ಟನ್ ಎತ್ತಿದರು. ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. ಒಂದು ಜ್ವರದ ಮಾತ್ರೆಯ ತೂಕವೂ ಅಲ್ಲ! ಈ ವಸ್ತುವಿನ ಮಾದರಿಯಲ್ಲಿ ತಯಾರಾದ ಎರಿಬುಲಿನ್ ಔಷಧಿಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಸ್ತನ ಕ್ಯಾನ್ಸರ್ ಹರಡಿದ್ದ 762 ಮಹಿಳೆಯರ ಪರೀಕ್ಷೆಯಲ್ಲಿ, ಬೇರೆ ಚಿಕಿತ್ಸೆ ಪಡೆದವರಿಗಿಂತ ಇದನ್ನು ಪಡೆದವರ ಆಯುಷ್ಯ ಸುಮಾರು ಎರಡೂವರೆ ತಿಂಗಳು ಹೆಚ್ಚಿತ್ತು. ಅಷ್ಟೇನಾ ಎನ್ನಬೇಡಿ. ರೋಗಿಯ ಹಾಸಿಗೆಯ ಪಕ್ಕ ಕುಳಿತವರಿಗೆ ಎರಡೂವರೆ ತಿಂಗಳೆಂದರೆ ಏನೆಂದು ಗೊತ್ತು. ಒಬ್ಬ ತಾಯಿಗಾಗಿ ಒಂದು ಟನ್ ಸ್ಪಂಜು ಬೇಕೆಂದರೆ ನಾನೂ ಬೇಡವೆನ್ನುತ್ತಿರಲಿಲ್ಲ.

ಅದೃಷ್ಟಕ್ಕೆ ಅದು ಬೇಕಾಗಲಿಲ್ಲ. 1992ರಲ್ಲಿ ಹಾರ್ವರ್ಡಿನ ಯೋಶಿತೊ ಕಿಶಿಯವರ ತಂಡ ಹ್ಯಾಲಿಕಾಂಡ್ರಿನ್ ಬಿಯನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ಅದರ ಅರ್ಧ ಭಾಗವೇ ಸಾಕೆಂದು ಆಮೇಲೆ ತಿಳಿದು, ಎರಿಬುಲಿನ್ ಕೂಡ ಹಾಗೆಯೇ ತಯಾರಾಗುತ್ತದೆ. ಸ್ಪಂಜಿನ ಹಂಗಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಹುಟ್ಟುವುದು ಇಲ್ಲೇ. ಕಡಲನ್ನು ಯಾಕೆ ಉಳಿಸಬೇಕೆಂದು ಕೇಳಿದರೆ, ನಾಳೆಯ ಮದ್ದು ಅಲ್ಲಿರಬಹುದು ಎನ್ನುತ್ತೇವೆ. ಸರಿ, ಮದ್ದು ಕೈಗೆ ಬಂದ ಮೇಲೆ? ಆಸ್ತಿ ಬರೆಸಿಕೊಂಡ ಮೇಲೆ ವಯಸ್ಸಾದ ಅಪ್ಪನನ್ನು ಮೂಲೆಗೆ ತಳ್ಳುವವರ ಲೆಕ್ಕವೂ ಇದೇ ಅಲ್ಲವೆ? (ಅಪ್ಪನನ್ನೂ ಸ್ಪಂಜನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ಲೆಕ್ಕದ ರೀತಿಯನ್ನು ಹೇಳುತ್ತಿದ್ದೇನೆ.) ಅಳಿಯುವ ಜೀವಿಗಳಲ್ಲಿ ನಾಳೆಯ ಔಷಧಿ ಇರಬಹುದೆಂದು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಒಪ್ಪಿಕೊಂಡರು, ಆದರೆ ಅವನ್ನು ಬರೀ ಸಂಪನ್ಮೂಲವೆಂದು ಎಣಿಸಿದರೆ ಸಾಲದು, ಅವಕ್ಕೆ ಸ್ವಂತ ಬೆಲೆಯುಂಟು ಎಂದೂ ಹೇಳಿದರು.

ಸಮಯವಾದಾಗ ಆದಿಕಾಂಡದ ಮೊದಲ ಅಧ್ಯಾಯ ತೆರೆಯಿರಿ. ದೇವರು ಜಲಚರಗಳನ್ನು ಸೃಷ್ಟಿಸಿ ಮೆಚ್ಚಿದ್ದು ಐದನೆಯ ದಿನ. ಆಗಿನ್ನೂ ಮನುಷ್ಯನಿರಲಿಲ್ಲ, ಅವನ ಕಾಯಿಲೆಯೂ ಇರಲಿಲ್ಲ.