ಹೂವಿಗೊಂದು ನ್ಯಾಯ, ಹಕ್ಕಿಗೊಂದು ನ್ಯಾಯ

ಪ್ರವಾದಿಯ ವಚನಗಳೆಂದು ಇಸ್ಲಾಮೀ ಪರಂಪರೆ ಕಾಪಾಡಿಕೊಂಡು ಬಂದಿರುವ ಹದೀಸುಗಳಲ್ಲಿ ಚಿತ್ರಕಾರರನ್ನು ಕುರಿತು ಕಠೋರವಾದ ಒಂದು ಎಚ್ಚರಿಕೆಯುಂಟು: ಜೀವಿಗಳ ರೂಪವನ್ನು ರಚಿಸಿದವನನ್ನು ಅಂತ್ಯವಿಚಾರಣೆಯ ದಿನ ಕರೆದು ನಿಲ್ಲಿಸಿ, ಮಾಡಿದ ರೂಪಕ್ಕೆ ಪ್ರಾಣವನ್ನೂ ಊದುವಂತೆ ಆಜ್ಞಾಪಿಸಲಾಗುವುದು, ಅದು ಅವನಿಂದ ಆಗದು. ಚಿತ್ರ ಬರೆಯುವುದರ ಹೊರತು ಬೇರೆ ಕಸುಬನ್ನರಿಯದ ಬಡವನೊಬ್ಬನು ಇಬ್ನ್ ಅಬ್ಬಾಸರ ಬಳಿಗೆ ಬಂದು ತನ್ನ ಗತಿಯೇನೆಂದು ಕೇಳಲಾಗಿ, ಬರೆಯಲೇಬೇಕಾದರೆ ಗಿಡಮರಗಳನ್ನೂ ಪ್ರಾಣವಿಲ್ಲದ ವಸ್ತುಗಳನ್ನೂ ಬರೆದುಕೊಂಡಿರುವಂತೆ ಅವರು ದಾರಿ ತೋರಿದರೆಂದೂ ಅದೇ ಪರಂಪರೆ ಹೇಳುತ್ತದೆ. ಹೀಗೆ ಹೂವು ನಿರ್ದೋಷಿಯಾಯಿತು. ಅದೇ ಕೊಂಬೆಯ ಮೇಲೆ ಕುಳಿತ ಹಕ್ಕಿಯು ಮಾತ್ರ ಬರೆದವನ ಪರಲೋಕಕ್ಕೆ ತೊಡಕಾಯಿತು.

ಈ ಗೆರೆಯನ್ನು ಕಂಡು ನಗುವುದು ನಮಗೆ ಸುಲಭ. ಜೈನರ ಲೆಕ್ಕದಲ್ಲಿ ಗಿಡವೂ ಜೀವವೇ, ಏಕೇಂದ್ರಿಯ ಜೀವ, ಹಕ್ಕಿಯಾದರೋ ಪಂಚೇಂದ್ರಿಯವುಳ್ಳದ್ದು, ಇವೆರಡಕ್ಕೂ ಇರುವ ಅಂತರವು ಮೆಟ್ಟಿಲುಗಳದ್ದೇ ಹೊರತು ಗೋಡೆಯದಲ್ಲ. ಆದರೂ ಮೊಗಲ ಚಕ್ರವರ್ತಿ ಜಹಾಂಗೀರನ (1605–1627) ಆಸ್ಥಾನದಲ್ಲಿ ಉಸ್ತಾದ್ ಮನ್ಸೂರನೆಂಬಾತನು ನಿಸರ್ಗವನ್ನು ನೋಡಿ ಬರೆದ ಹಕ್ಕಿ ಹೂಗಳ ಕಿರುಚಿತ್ರಗಳನ್ನು ವಿಚಾರಿಸಹೊರಟವನು ಆ ಗೆರೆಯನ್ನು ಅಷ್ಟು ಸುಲಭವಾಗಿ ದಾಟಿಹೋಗಲಾರನೆಂದು ನನಗೆ ತೋರುತ್ತದೆ.

ಮನ್ಸೂರನು ಅಕ್ಬರನ ಕಾಲದಲ್ಲಿಯೇ ಕೆಲಸಕ್ಕೆ ಸೇರಿದವನು. ಅಕ್ಬರನಾಮೆಯ ಪುಟಗಳಲ್ಲಿ ಹಿರಿಯರು ಎಳೆದ ರೇಖೆಗಳಿಗೆ ಬಣ್ಣ ತುಂಬುತ್ತ, ಬಾಬರನ ಆತ್ಮಕಥೆಯ ಪಾರಸಿ ಅನುವಾದಕ್ಕೆ ಪ್ರಾಣಿಗಳನ್ನು ಬರೆಯುತ್ತ ಕೈ ಪಳಗಿಸಿಕೊಂಡು, ಜಹಾಂಗೀರನಿಂದ ‘ನಾದಿರ್ ಉಲ್ ಅಸರ್’, ಎಂದರೆ ಯುಗದ ಅದ್ಭುತ, ಎಂಬ ಬಿರುದನ್ನು ಪಡೆದನು. 1620ರ ವಸಂತದಲ್ಲಿ ಚಕ್ರವರ್ತಿಯೊಡನೆ ಕಾಶ್ಮೀರಕ್ಕೆ ಹೋದಾಗ ಅಲ್ಲಿಯ ನೂರಕ್ಕೂ ಮೇಲ್ಪಟ್ಟು ಹೂಗಳನ್ನು ಆತನು ಬರೆದನೆಂದು ಜಹಾಂಗೀರನೇ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಉಳಿದು ಬಂದವು ಬಹಳ ಕಡಮೆ. ಅಲೀಗಢದಲ್ಲಿರುವ ಕೆಂಪು ಟ್ಯೂಲಿಪ್ ಅವುಗಳಲ್ಲಿ ಪ್ರಸಿದ್ಧವಾದದ್ದು.

ಈ ಕೆಲಸ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಗದದ ಹಲವು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುವರು. ಇಂಗಲೀಕ, ಹರಿದಾಳ, ರಾಜಾವರ್ತ ಮೊದಲಾದವನ್ನು ನುಣ್ಣಗೆ ಅರೆದು, ಗೋಂದಿನ ನೀರಿನಲ್ಲಿ ಕಲಸಿ, ಚಿಪ್ಪುಗಳಲ್ಲಿ ತುಂಬಿಟ್ಟುಕೊಳ್ಳುವರು. ಕುಂಚಕ್ಕೆ ಅಳಿಲಿನ ಬಾಲದ ಕೂದಲು. (ಸೇತುಬಂಧದ ಕಾಲದಿಂದಲೂ ಈ ಪ್ರಾಣಿಯಿಂದ ಸೇವೆ ಪಡೆಯುವುದು ದೊಡ್ಡವರಿಗೆ ರೂಢಿಯಾಗಿಬಿಟ್ಟಿದೆ.) ಕೊರಳಿನ ಗರಿಗಳನ್ನು ತೋರಿಸುವಾಗ ಬಣ್ಣವನ್ನು ಬಳಿಯುವುದಿಲ್ಲ, ಕುಂಚದ ತುದಿಯ ಒಂದೆರಡು ಕೂದಲುಗಳಿಂದ ಕಣ್ಣಿಗೆ ಕಂಡೂ ಕಾಣದಂಥ ಗೀರುಗಳನ್ನು ಒಂದರ ಪಕ್ಕದಲ್ಲೊಂದರಂತೆ ಇಡುತ್ತ ಹೋಗುವರು, ಗರಿಯ ಬುಡದಲ್ಲಿ ಗೀರುಗಳು ಒತ್ತಾಗಿದ್ದು ಅಂಚಿನಲ್ಲಿ ವಿರಳವಾಗುತ್ತ ಕಾಗದದ ಬಿಳುಪಿನಲ್ಲಿ ಕರಗುವುವು. ಅಂಗೈಯಗಲದ ಹಕ್ಕಿಯೊಂದಕ್ಕೆ ಇಂಥ ಗೀರುಗಳೆಷ್ಟು ಬೇಕೆಂಬುದನ್ನು ಬರೆದವರೇ ಬಲ್ಲರು.

ಅಂತ್ಯವಿಚಾರಣೆಯ ಆಕ್ಷೇಪಕ್ಕೆ ಆಸ್ಥಾನದಲ್ಲಿ ಉತ್ತರವೊಂದು ಮೊದಲೇ ಸಿದ್ಧವಾಗಿತ್ತು. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಅಕ್ಬರನ ಅಭಿಪ್ರಾಯವೆಂದು ಅದನ್ನು ದಾಖಲಿಸಿದ್ದಾನೆ. ಅದರ ತಾತ್ಪರ್ಯವಿಷ್ಟು: ಚಿತ್ರಕಾರನಿಗೆ ದೇವರನ್ನು ಅರಿಯುವ ವಿಶೇಷವಾದ ದಾರಿಯೊಂದುಂಟು, ಏಕೆಂದರೆ ಅವಯವಗಳನ್ನು ಒಂದೊಂದಾಗಿ ಬರೆದು ಮುಗಿಸಿದ ಮೇಲೆ ತಾನು ಅದಕ್ಕೆ ಜೀವವ್ಯಕ್ತಿತ್ವವನ್ನು ಕೊಡಲಾರೆನೆಂಬ ಅರಿವು ಅವನಿಗೆ ಬಂದೇ ಬರುತ್ತದೆ, ಆ ಅಸಾಮರ್ಥ್ಯವೇ ಅವನನ್ನು ಪ್ರಾಣದಾತನ ಕಡೆಗೆ ತಿರುಗಿಸುತ್ತದೆ. ಬಹು ಜಾಣತನದ ವಾದವಿದು. ಪ್ರತಿವಾದಿಯ ಅಸ್ತ್ರವನ್ನೇ ಕಿತ್ತುಕೊಂಡು ಅವನ ಮೇಲೆ ತಿರುಗಿಸುವಂಥದು. ಆದರೆ ಇದು ಆಸ್ಥಾನದ ವಕೀಲರು ಹೇಳುವ ಮಾತಿನಂತೆ ನನಗೆ ಕೇಳಿಸುತ್ತದೆ. ಸೋಲಿನಿಂದ ಭಕ್ತಿ ಹುಟ್ಟುವುದಾದರೆ ಕೆಟ್ಟ ಚಿತ್ರಕಾರನೇ ಪರಮಭಕ್ತನಾಗಬೇಕಷ್ಟೆ? ಮನ್ಸೂರನ ಹಕ್ಕಿಗಳಲ್ಲಿ ಧಾರ್ಮಿಕವಾದದ್ದೇನಾದರೂ ಇದ್ದರೆ ಅದು ಆತನ ಕೈಗೆ ಎಟುಕದೆ ಹೋದದ್ದರಲ್ಲಿ ಅಲ್ಲ, ಎಟುಕಿದ್ದರಲ್ಲಿಯೇ ಇರಬೇಕು.

ಅದೇನೆಂಬುದು ನಮ್ಮ ಕವಿಗಳ ಹಕ್ಕಿಗಳನ್ನು ಪಕ್ಕದಲ್ಲಿಟ್ಟುಕೊಂಡಾಗ ಸ್ಪಷ್ಟವಾಗುತ್ತದೆ. ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸಬೇಕು. ಚಕೋರವು ಬೆಳುದಿಂಗಳನ್ನು ಕುಡಿದು ಬದುಕಬೇಕು. ಚಾತಕವು ಮುಗಿಲಿನಿಂದ ಬೀಳುವ ಹನಿಗಾಗಿಯೇ ಕಾದಿರಬೇಕು. ಚಕ್ರವಾಕ ದಂಪತಿಗಳು ಇರುಳೆಲ್ಲ ಅಗಲಿ ಗೋಳಿಡಬೇಕು. ಸಾವಿರ ವರ್ಷಗಳಿಂದ ಕನ್ನಡ ಕಾವ್ಯವೂ ಈ ಕವಿಸಮಯವನ್ನು ತಪ್ಪದೆ ಪಾಲಿಸಿಕೊಂಡು ಬಂದಿದೆ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಹಕ್ಕಿಯು ಯಾವಾಗಲೂ ಬೇರೊಬ್ಬರ ಕೆಲಸಕ್ಕೆ ನಿಯುಕ್ತವಾದದ್ದು: ವಿವೇಕಕ್ಕೋ, ವಿರಹಕ್ಕೋ, ಭಕ್ತಿಗೋ. ಮನ್ಸೂರನದೆಂದು ಪ್ರಖ್ಯಾತವಾಗಿ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮಿನಲ್ಲಿರುವ ಸೈಬೀರಿಯದ ಕೊಕ್ಕರೆಯು ಯಾವ ಗುಣಕ್ಕೂ ಸಂಕೇತವಲ್ಲ. ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಗರಿಯಿಲ್ಲದ ಕೆಂಪು ಚರ್ಮ, ಕಾಲಿನ ಮೇಲಣ ಸುಕ್ಕು, ಬಿಳಿಯ ಮೇಲೆ ಬಿಳಿಯಾಗಿಯೇ ತೋರಬೇಕಾದ ರೆಕ್ಕೆ, ಇವುಗಳಿಗಿಂತ ಹೆಚ್ಚಿನದೇನನ್ನೂ ಅದು ನಮಗೆ ಹೇಳಹೋಗುವುದಿಲ್ಲ. ತನ್ನ ಕಲ್ಪನೆಯಿಂದ ಒಂದನ್ನೂ ಸೇರಿಸದೆ, ಎದುರಿಗಿದ್ದದ್ದರಲ್ಲಿ ಒಂದನ್ನೂ ಬಿಡದೆ, ಒಂದು ಜೀವದ ಮುಂದೆ ಅಷ್ಟು ಹೊತ್ತು ಕುಳಿತಿರುವುದನ್ನು ಉಪಾಸನೆಯೆಂದು ಕರೆಯಲು ನನಗೆ ಸಂಕೋಚವಿಲ್ಲ. ಸೃಷ್ಟಿಕರ್ತನೊಡನೆ ಸ್ಪರ್ಧೆ ಹೂಡುವವನು ಹಂಸಕ್ಕೆ ಹಾಲು ಕುಡಿಸಿದ ಕವಿಯೇ ಹೊರತು ಈ ಚಿತ್ರಕಾರನಲ್ಲ.

ಒಂದು ವೇಳೆ ಎದುರಿಗಿದ್ದದ್ದೇ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ? 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದೊಪ್ಪಿಸಿದ ವಿಚಿತ್ರ ಪ್ರಾಣಿಗಳ ನಡುವೆ ಒಂದು ಟರ್ಕಿ ಕೋಳಿಯಿತ್ತು. ಮದವೇರಿದಾಗ ಅದರ ತಲೆ ಕೊರಳುಗಳು ಒಮ್ಮೆ ಹವಳದಂತೆ ಕೆಂಪಗಾಗಿ, ಒಮ್ಮೆ ಹತ್ತಿಯಂತೆ ಬೆಳ್ಳಗಾಗಿ, ಮತ್ತೊಮ್ಮೆ ನೀಲಿಗೆ ತಿರುಗುವುದನ್ನೂ, ಕೊಕ್ಕಿನ ಮೇಲಿಂದ ಸೊಂಡಿಲಿನಂತೆ ಜೋಲುವ ಮಾಂಸವು ಕುಗ್ಗಿ ಖಡ್ಗಮೃಗದ ಕೊಂಬಿನಂತೆ ನಿಲ್ಲುವುದನ್ನೂ ಜಹಾಂಗೀರನು ಬೆರಗಿನಿಂದ ವರ್ಣಿಸಿದ್ದಾನೆ. ಮುತ್ತಜ್ಜನಾದ ಬಾಬರನು ಪ್ರಾಣಿಗಳನ್ನು ಮಾತಿನಲ್ಲಿ ವರ್ಣಿಸಿದನೇ ಹೊರತು ಚಿತ್ರ ಬರೆಸಲಿಲ್ಲವೆಂದೂ, ತಾನು ಬರೆಸಿದೆನೆಂದೂ ಹೇಳಿಕೊಳ್ಳುತ್ತಾನೆ. ಈಗ ಲಂಡನ್ನಿನಲ್ಲಿರುವ, ಮನ್ಸೂರನದೆಂದು ಪರಿಗಣಿತವಾದ ಚಿತ್ರದಲ್ಲಿ ಆ ಕೋಳಿಗೆ ಒಂದೇ ಕ್ಷಣದ ಬಣ್ಣ. ಉಳಿದ ಕ್ಷಣಗಳನ್ನು ಚಿತ್ರಕಾರನು ಬಿಡಲೇಬೇಕಾಯಿತು. ಅಕ್ಬರನ ಮಾತಿಗೆ ಇಷ್ಟರಮಟ್ಟಿಗೆ ಬೆಲೆಯುಂಟೆಂದು ಒಪ್ಪೋಣ. ಇದಕ್ಕೆ ತಿರುವುಮುರುವಾದ ಪ್ರಸಂಗವೂ ನಡೆಯಿತು. 1621ರಲ್ಲಿ ಅಬಿಸೀನಿಯದ ಕಡೆಯಿಂದ ಜೀಬ್ರಾ ಒಂದು ಬಂದಾಗ, ಯಾರೋ ಕುದುರೆಗೆ ಪಟ್ಟೆ ಬಳಿದಿದ್ದಾರೆಂದು ಕೆಲವರು ಶಂಕಿಸಲಾಗಿ, ಪರೀಕ್ಷಿಸಿ ನೋಡಿ ಇದು ದೇವರೇ ಬರೆದದ್ದೆಂದು ನಿರ್ಣಯಿಸಬೇಕಾಯಿತು. ಅದರ ಚಿತ್ರವನ್ನೂ ಮನ್ಸೂರನೇ ಬರೆದನು.

ಇಲ್ಲಿಗೆ ನಿಲ್ಲಿಸುವುದಾದರೆ ಚಿತ್ರಕಾರನು ಗೆದ್ದನೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಈ ಚಿತ್ರಗಳನ್ನು ಬರೆಸಿದ ಚಕ್ರವರ್ತಿಯು ಬೇಟೆಗಾರನೂ ಆಗಿದ್ದನು. ಹನ್ನೆರಡನೆಯ ವಯಸ್ಸಿನಿಂದ ಪಟ್ಟಕ್ಕೆ ಬಂದ ಹನ್ನೊಂದನೆಯ ವರ್ಷದವರೆಗೆ ತಾನೇ ಸ್ವಹಸ್ತದಿಂದ ಕೊಂದ ಪ್ರಾಣಿಗಳು 17,167, ಅವುಗಳಲ್ಲಿ ಹಕ್ಕಿಗಳು 13,964 ಎಂದು ಆತನು ಲೆಕ್ಕ ಬರೆಸಿಟ್ಟನು. ಆ ದಿನಚರಿಯಲ್ಲಿಯೇ ಆತನು ಸಾಕಿದ ಸಾರಸ ದಂಪತಿಗಳ ವೃತ್ತಾಂತವೂ ಇದೆ. ಲೈಲಾ ಮಜನೂ ಎಂದು ಅವುಗಳಿಗೆ ಹೆಸರು. ಹೆಣ್ಣು ಇರುಳೆಲ್ಲ ಮೊಟ್ಟೆಗಳ ಮೇಲೆ ಕುಳಿತಿರುವುದು, ಗಂಡು ಪಕ್ಕದಲ್ಲಿ ನಿಂತು ಕಾಯುವುದು, ಬೆಳಗಾಗುತ್ತಲೇ ಗಂಡು ಕೊಕ್ಕಿನಿಂದ ಹೆಣ್ಣಿನ ಬೆನ್ನನ್ನು ಕೆದಕಿ ಎಬ್ಬಿಸಿ ತಾನು ಕಾವಿಗೆ ಕೂರುವುದು, ಇವನ್ನೆಲ್ಲ ಓದುವಾಗ ಬರೆದ ಕೈಯೇ ಬಂದೂಕನ್ನೂ ಹಿಡಿದಿತ್ತೆಂಬುದು ಮರೆತುಹೋಗುತ್ತದೆ. ಕ್ರೌಂಚದ ಕೊಲೆಯನ್ನು ಕಂಡು ಮರುಗಿದ ವಾಲ್ಮೀಕಿಯೂ ಬಾಣ ಬಿಟ್ಟ ಬೇಡನೂ ಇಲ್ಲಿ ಒಬ್ಬನೇ.

ಹಾಗಾದರೆ ನೋಡುವುದೆಂದರೇನು? ಮುಂಡಕೋಪನಿಷತ್ತು ಒಂದೇ ಮರದ ಮೇಲೆ ಎರಡು ಹಕ್ಕಿಗಳನ್ನು ಕೂರಿಸಿ, ಒಂದಕ್ಕೆ ಹಣ್ಣನ್ನು ತಿನ್ನುವ ಕೆಲಸವನ್ನೂ ಇನ್ನೊಂದಕ್ಕೆ ತಿನ್ನದೆ ನೋಡುವ ಕೆಲಸವನ್ನೂ ಹಂಚಿಕೊಟ್ಟಿದೆ. ಮನ್ಸೂರನು ಎರಡನೆಯ ಹಕ್ಕಿಯೆಂದು ನಾನು ಭಾವಿಸಿಕೊಂಡಿದ್ದೆನು. ಈಗಲೂ ಬಹುಮಟ್ಟಿಗೆ ಹಾಗೆಯೇ ಭಾವಿಸುತ್ತೇನೆ. ಆದರೆ ಮರದ ಮೇಲೆ ಇವೆರಡೂ ಬಹಳ ಹತ್ತಿರದಲ್ಲಿ ಕುಳಿತಿವೆ. ಚಿತ್ರಕಾರನು ಸಾವಧಾನವಾಗಿ ನೋಡಬೇಕಾದರೆ ಹಕ್ಕಿಯು ನಿಲ್ಲಬೇಕು, ಹಕ್ಕಿಯೋ ನಿಲ್ಲುವ ಜಾತಿಯದಲ್ಲ. ಹೂವು ಬೇರುಬಿಟ್ಟ ಕಡೆಯಲ್ಲಿಯೇ ತನ್ನನ್ನು ತೋರಿಸಿಕೊಂಡು ಇರುತ್ತದೆ; ಕಿತ್ತರೂ ಒಂದು ಹಗಲು ಬಾಡದೆ ನಿಂತೀತು. ಯಾವ ಗೆರೆಯನ್ನು ಧರ್ಮಶಾಸ್ತ್ರದ ಹಟವೆಂದು ಬಗೆದಿದ್ದೆವೋ ಆ ಗೆರೆ ಚಿತ್ರಕಾರನ ಮಣೆಯ ಮೇಲೆ ಬೇರೊಂದು ಅರ್ಥದಲ್ಲಿ ಮತ್ತೆ ಮೂಡುತ್ತದೆ: ಹಕ್ಕಿಯ ಚಿತ್ರಕ್ಕೆ ಪ್ರಾಣವನ್ನು ಊದುವ ಮಾತು ಹಾಗಿರಲಿ, ಆ ಚಿತ್ರಕ್ಕಾಗಿ ಹಕ್ಕಿಯ ಪ್ರಾಣಕ್ಕೆ ಏನಾಯಿತೆಂಬುದನ್ನು ಕೇಳಬೇಕಾಗುತ್ತದೆ.

ಟ್ಯೂಲಿಪ್ಪನ್ನು ಬರೆಸಿದ 1620ರ ಆ ಕಾಶ್ಮೀರ ಪ್ರವಾಸದಲ್ಲಿಯೇ, ಹೊಳೆಯೊಂದರಲ್ಲಿ ಮುಳುಗಿ ಬಹಳ ಹೊತ್ತು ನೀರಿನೊಳಗಿದ್ದು ಮತ್ತೆಲ್ಲೋ ಏಳುವ ಸಣ್ಣ ಹಕ್ಕಿಯೊಂದು ಜಹಾಂಗೀರನ ಕಣ್ಣಿಗೆ ಬಿತ್ತು. ಅಲ್ಲಿಯ ಜನ ಅದನ್ನು ಗಲ್ಕರ್, ಎಂದರೆ ನೀರಿನ ಸಾಜ್, ಎನ್ನುತ್ತಿದ್ದರು. ಇದರ ಕಾಲ್ಬೆರಳುಗಳ ನಡುವೆ ಬಾತಿಗಿರುವಂತೆ ಪೊರೆಯುಂಟೋ, ನೆಲದ ಹಕ್ಕಿಗಳಂತೆ ಬೆರಳು ಬಿಡಿಯಾಗಿವೆಯೋ ಎಂಬ ಕುತೂಹಲ ಅವನಿಗುಂಟಾಯಿತು. ಬೇಟೆಗಾರರು ಎರಡನ್ನು ಹಿಡಿದು ತಂದರು. ಒಂದು ಕೂಡಲೇ ಸತ್ತಿತು. ಇನ್ನೊಂದು ಒಂದು ದಿನ ಬದುಕಿತು. ಪೊರೆ ಇರಲಿಲ್ಲ. ಅದರ ಪ್ರತಿರೂಪವನ್ನು ಬರೆಯುವಂತೆ ಮನ್ಸೂರನಿಗೆ ಅಪ್ಪಣೆಯಾಯಿತು. ಇದಕ್ಕೆ ಎರಡು ವರ್ಷ ಮೊದಲು, ಮೊಮ್ಮಗ ಶುಜಾ ಕಾಯಿಲೆ ಬಿದ್ದಾಗ, ತನ್ನ ಕೈಯಿಂದ ಇನ್ನು ಯಾವ ಜೀವಿಯನ್ನೂ ನೋಯಿಸೆನೆಂದು ಜಹಾಂಗೀರನು ದೇವರ ಮುಂದೆ ವ್ರತ ತೊಟ್ಟಿದ್ದನು. ಆ ಹಕ್ಕಿಗಳನ್ನು ಹಿಡಿದವರು ಬೇರೆಯವರಾದ್ದರಿಂದ ವ್ರತಕ್ಕೆ ಭಂಗ ಬರಲಿಲ್ಲ.