ಶಾಲೆಗಾಗಿ ಮಗುವೋ, ಮಗುವಿಗಾಗಿ ಶಾಲೆಯೋ?

ಜೂನ್ ತಿಂಗಳು ಬಂತೆಂದರೆ ಅಕ್ಕಲಕೋಟ ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಯ ಶಿಕ್ಷಕರಾದ ನಾವು ಮನೆಮನೆಗೆ ಹೋಗಿ ಮಕ್ಕಳನ್ನು ಕಳಿಸಿರೆಂದು ಕೇಳುತ್ತೇವೆ. ಪಟದಲ್ಲಿ ಹೆಸರುಗಳು ಉಳಿದರೆ ಶಾಲೆ ಉಳಿದೀತು, ಶಾಲೆ ಉಳಿದರೆ ಭಾಷೆ ಉಳಿದೀತು ಎಂಬುದು ನಮ್ಮ ತರ್ಕ. ಈ ತರ್ಕ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ: ಭಾಷೆಯ ಉಳಿವಿನ ಭಾರವನ್ನು ಆರು ವರ್ಷದ ಕೂಸಿನ ಹೆಗಲ ಮೇಲೆ ಹೊರಿಸುವ ಅಧಿಕಾರ ನಮಗುಂಟೇ?

೧೯೫೬ರ ರಾಜ್ಯ ಪುನರ್ರಚನೆಯಲ್ಲಿ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿ ಉಳಿಯಿತು; ೧೯೬೦ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅಕ್ಕಲಕೋಟವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿತಾದರೂ ಅದು ಕಾರ್ಯಗತವಾಗಲಿಲ್ಲ. ಸೀಮೆಯ ವಾದ ದೊಡ್ಡವರದು; ಮಗುವಿನ ಹಕ್ಕು ಅದರಿಂದ ಬೇರೆಯಾದುದು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ ಎ ಕಲಮು, ಭಾಷಾ ಅಲ್ಪಸಂಖ್ಯಾತರ ಮಕ್ಕಳು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲತೆ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ವಿಧಿಸುತ್ತದೆ. ಮಕ್ಕಳಿಗೆ ಶಾಲೆಯನ್ನು ಒದಗಿಸಿರೆಂದು ಅದು ಹೇಳುತ್ತದೆಯೇ ಹೊರತು, ಭಾಷೆಗೆ ಮಕ್ಕಳನ್ನು ಒದಗಿಸಿರೆಂದು ಹೇಳುವುದಿಲ್ಲ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರಕಾರವು ಹೇರಕೂಡದು, ಆ ಆಯ್ಕೆ ಪಾಲಕರದೆಂದು ತೀರ್ಪಿತ್ತಿತು.

ಹಾಗಾದರೆ ಪಾಲಕನ ಮಾತನ್ನು ಕೇಳೋಣ. “ಮಾಸ್ತರರೇ, ಕಚೇರಿಯ ಕಾಗದವೆಲ್ಲ ಮರಾಠಿ, ನೌಕರಿಗೆ ಇಂಗ್ಲೀಷು, ಕನ್ನಡ ಓದಿ ನನ್ನ ಮಗ ಏನು ಮಾಡಬೇಕ್ರಿ?” ಹೀಗೆ ಕೇಳುವವನನ್ನು ಅಭಿಮಾನಶೂನ್ಯನೆಂದು ಹಳಿಯುವುದು ನ್ಯಾಯವಲ್ಲ. ಮಗನ ಹಿತವನ್ನು ಬಯಸುವುದು ಅವನ ಧರ್ಮ. ಅವನಿಗೆ ಕೊಡತಕ್ಕ ಉತ್ತರವೂ ಮಗನ ಹಿತದಿಂದಲೇ ಹುಟ್ಟಬೇಕು. ಮನೆಯಲ್ಲಿ ‘ನೀರು’ ಎನ್ನುವ ಕೂಸು ಆ ಎರಡು ಅಕ್ಷರಗಳನ್ನು ಕೂಡಿಸಿದೊಡನೆ ಅರ್ಥವನ್ನು ಕಾಣುತ್ತದೆ. ‘ಪಾಣಿ’ ಎಂದು ಆರಂಭಿಸುವಲ್ಲಿ ಅದಕ್ಕೆ ಅಕ್ಷರವೂ ಹೊಸದು, ಶಬ್ದವೂ ಹೊಸದು. ಒಮ್ಮೆ ಓದಿನ ಬಗೆ ಕೈವಶವಾಯಿತೆಂದರೆ ಮರಾಠಿಯ ಬಾಳಬೋಧ ಲಿಪಿಯೂ ಸುಲಭವಾಗುತ್ತದೆ. ಆ ಮರಾಠಿಯನ್ನು ನಾವು ಕಾಟಾಚಾರಕ್ಕಲ್ಲ, ಶ್ರದ್ಧೆಯಿಂದ ಕಲಿಸತಕ್ಕದ್ದು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಎರಡೂ ಭಾಷೆಗಳಲ್ಲಿ ಬರೆದರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಶಿಕ್ಷಕರ ಎಣಿಕೆಯನ್ನು ಮಕ್ಕಳ ಎಣಿಕೆಗೆ ಕಟ್ಟಿದೆ; ಪ್ರಾಥಮಿಕ ಶಾಲೆಯಲ್ಲಿ ೬೦ ಮಕ್ಕಳವರೆಗೆ ೨ ಶಿಕ್ಷಕರು. ಪಟ ಕುಗ್ಗಿದರೆ ನಮ್ಮ ಹುದ್ದೆಗೂ ಕುತ್ತು. ನಮ್ಮ ಕರೆಯಲ್ಲಿ ಸ್ವಾರ್ಥದ ಪಾಲೂ ಇದೆಯೆಂಬುದನ್ನು ಪಾಲಕರು ಬಲ್ಲರು. ಆ ಸಂಶಯವನ್ನು ತೊಳೆಯುವ ದಾರಿ ಒಂದೇ: ಮೂರನೆಯ ಇಯತ್ತೆಯ ಅತಿ ಹಿಂದುಳಿದ ಮಗುವೂ ತನ್ನ ತಾಯಿಯ ಮುಂದೆ ಒಂದು ಪುಟವನ್ನು ತಡವರಿಸದೆ ಓದಬೇಕು. ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಒಬ್ಬ ಜಾಣನ ಹೆಸರು ಬಂದರೆ ಶಾಲೆಗೆ ಕೀರ್ತಿ ಬಂದೀತು. ಶಾಲೆಯ ನಿಜವಾದ ಅಳತೆಗೋಲು ಮಾತ್ರ ಕೊನೆಯ ಸಾಲಿನಲ್ಲಿ ಕುಳಿತಿರುತ್ತದೆ.

ಇಷ್ಟು ಮಾಡಿಯೂ ಸಂಖ್ಯೆ ಇಳಿದೀತು. ದುಡಿಮೆಗಾಗಿ ಊರು ಬಿಡುವ ಮನೆಗಳನ್ನು ನಮ್ಮ ಪಾಠ ತಡೆಯಲಾರದು. ಆದರೆ ಹನ್ನೆರಡೇ ಮಕ್ಕಳು ಉಳಿದರೂ ಆ ಹನ್ನೆರಡು ಮಕ್ಕಳ ಹಕ್ಕು ಕಿರಿದಾಗುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಬಾಯಾರಿದವರಿಗಾಗಿ. ಕೆರೆಯ ಕೀರ್ತಿಗಾಗಿ ಯಾರನ್ನೂ ಬಾಯಾರಿಸಲಿಲ್ಲ. ಶಿಕ್ಷಕ ಬಂಧುಗಳೇ, ಕನ್ನಡಕ್ಕಾಗಿ ಮಗುವನ್ನು ಕೇಳುವುದನ್ನು ಬಿಟ್ಟು, ಮಗುವಿಗಾಗಿ ಕನ್ನಡವನ್ನು ಕೊಡೋಣ. ಭಾಷೆ ಉಳಿಯುವುದಾದರೆ ಆ ದಾರಿಯಿಂದಲೇ ಉಳಿದೀತು.